ಆ ಪ್ರಶಸ್ತಿಗೆ ಎಡ್ಡಿ ಶೋರ್ ಹೆಸರು ಇರಬೇಕೇ? ಪರ-ವಿರೋಧ

ಹಾಕಿ ಅಂದ ಕೂಡಲೇ ನಮಗೆ ಕೊಡಗು ನೆನಪಾಗುತ್ತದೆ. ಇಲ್ಲಿ ಮಾತಾಡುತ್ತಿರುವುದು ಐಸ್ ಹಾಕಿಯ ಬಗ್ಗೆ, ಅದೂ ನೂರು ವರ್ಷ ಹಿಂದಿನದು. ಕೆನಡಾ ಮತ್ತು ಅಮೆರಿಕದಲ್ಲಿ ಈ ಆಟದ ದೊಡ್ಡ ಲೀಗ್ ಎನ್‌ಎಚ್‌ಎಲ್, ಅಂದರೆ ನ್ಯಾಷನಲ್ ಹಾಕಿ ಲೀಗ್. ಅದರ ಕೆಳಗಿನ ಮೆಟ್ಟಿಲು ಎಎಚ್‌ಎಲ್, ಅಂದರೆ ಅಮೆರಿಕನ್ ಹಾಕಿ ಲೀಗ್. ಈ ಎಎಚ್‌ಎಲ್ 1958-59ರ ಸೀಸನ್‌ನಿಂದ ಪ್ರತಿ ವರ್ಷ ತನ್ನ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ‘ಎಡ್ಡಿ ಶೋರ್ ಪ್ರಶಸ್ತಿ’ ಕೊಡುತ್ತಾ ಬಂದಿದೆ.

ಶೋರ್ 1926ರಿಂದ 1940ರವರೆಗೆ ಎನ್‌ಎಚ್‌ಎಲ್‌ನಲ್ಲಿ ಆಡಿದವನು. ಆಮೇಲೆ ಇದೇ ಎಎಚ್‌ಎಲ್‌ನಲ್ಲಿ ಒಂದು ತಂಡದ ಮಾಲೀಕನಾಗಿ ಹತ್ತಾರು ವರ್ಷ ಮೆರೆದವನು. ಅವನ ಹೆಸರು ಆ ಪ್ರಶಸ್ತಿಯ ಮೇಲೆ ಉಳಿಯಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಡಿಫೆನ್ಸ್ ಆಟಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿದೆ?

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಎನ್‌ಎಚ್‌ಎಲ್‌ನಲ್ಲಿ ತನ್ನ ತಂಡಕ್ಕೆ ಎಲ್ಲರಿಗಿಂತ ಹೆಚ್ಚು ಬೆಲೆ ತಂದ ಆಟಗಾರನಿಗೆ ಹಾರ್ಟ್ ಟ್ರೋಫಿ ಕೊಡುತ್ತಾರೆ. ಸಾಮಾನ್ಯವಾಗಿ ಅದು ಹೋಗುವುದು ಗೋಲ್ ಹೊಡೆಯುವವರ ಮನೆಗೆ. ಹಿಂದೆ ನಿಂತು ಗೋಲ್ ತಡೆಯುವವರಿಗೆ ಸಿಗುವುದು ತೀರಾ ಅಪರೂಪ. ಡಿಫೆನ್ಸ್ ಆಟದ ದಂತಕಥೆ ಬಾಬಿ ಓರ್‌ಗೇ ಸಿಕ್ಕಿದ್ದು ಮೂರು ಸಲ, 1970ರಿಂದ 1972ರವರೆಗೆ. ಅವನಾದ ಮೇಲೆ ಇನ್ನೊಬ್ಬ ಡಿಫೆನ್ಸ್ ಆಟಗಾರ ಅದನ್ನು ಎತ್ತಲು 2000ದವರೆಗೆ ಕಾಯಬೇಕಾಯಿತು. ಆ ವರ್ಷ ಕ್ರಿಸ್ ಪ್ರಾಂಗರ್‌ಗೆ ಬಂತು. ಎಡ್ಡಿ ಶೋರ್ ಅದನ್ನು ನಾಲ್ಕು ಸಲ ಗೆದ್ದ: 1933, 1935, 1936, 1938. ಬೇರೆ ಯಾವ ಡಿಫೆನ್ಸ್ ಆಟಗಾರನೂ ಅಲ್ಲಿಗೆ ಮುಟ್ಟಿಲ್ಲ.

ಆದರೆ ಅಂಕಿ ಅಂಶ ಮಾತ್ರ ನೋಡಿದರೆ ಶೋರ್ ಅರ್ಥವಾಗುವುದಿಲ್ಲ. ಅವನು ಬಂದ ಕಾಲದ ಆಟ ಹೇಗಿತ್ತು ಅಂತ ಸ್ವಲ್ಪ ತಿಳಿಯಬೇಕು. 1920ರ ದಶಕದ ಎನ್‌ಎಚ್‌ಎಲ್‌ನಲ್ಲಿ ಎದುರಾಳಿಯ ಗೋಲ್ ಇರುವ ಭಾಗದೊಳಗೆ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಅನ್ನು ಮುಂದಕ್ಕೆ ಪಾಸ್ ಮಾಡುವಂತಿರಲಿಲ್ಲ. ಆ ಅನುಮತಿ ಸಿಕ್ಕಿದ್ದು 1929-30ರಲ್ಲಿ. ಅದಕ್ಕೂ ಮೊದಲು ಗೋಲ್ ಬೇಕಿದ್ದರೆ ಯಾರೋ ಒಬ್ಬ ಪಕ್ ಅನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು, ಎದುರು ಬಂದವರನ್ನೆಲ್ಲ ದಾಟಿಕೊಂಡು ಹೋಗಬೇಕಿತ್ತು. ಅದು ಫಾರ್ವರ್ಡ್‌ಗಳ ಕೆಲಸ. ಡಿಫೆನ್ಸ್‌ನವರ ಕೆಲಸ ಹಿಂದೆ ನಿಂತು ಅಂಥವರನ್ನು ಕೆಡವುವುದು.

ಶೋರ್ ಎರಡೂ ಮಾಡಿದ. ತನ್ನ ಗೋಲ್ ಹತ್ತಿರ ಪಕ್ ಕಸಿದುಕೊಂಡವನೇ ತಿರುಗಿ ಇಡೀ ಮಂಜಿನ ಅಂಕಣದ ಉದ್ದಕ್ಕೂ ನುಗ್ಗುತ್ತಿದ್ದ. ಯಾರನ್ನೂ ಸುತ್ತಿ ಬಳಸಿ ಹೋಗುವ ಜಾತಿಯಲ್ಲ. ಅಡ್ಡ ಬಂದವನ ಮೈಮೇಲೇ ಹಾಯ್ದು ಹೋಗುತ್ತಿದ್ದ. ‘ಎಡ್ಮಂಟನ್ ಎಕ್ಸ್‌ಪ್ರೆಸ್’ ಎಂದು ಅಡ್ಡಹೆಸರು ಬಿದ್ದದ್ದು ಸುಮ್ನೆ ಅಲ್ಲ. ಅವನು ಹೀಗೆ ನುಗ್ಗಿದಾಗ ಹಿಂದೆ ಜಾಗ ಕಾಯಲು ಜೊತೆಗಾರ ಲಯೊನೆಲ್ ಹಿಚ್‌ಮನ್ ಇರುತ್ತಿದ್ದ. ಒಬ್ಬ ಮುಂದೆ ಹೋದರೆ ಇನ್ನೊಬ್ಬ ಹಿಂದೆ ಉಳಿಯುವ ಈ ಹೊಂದಾಣಿಕೆ ಇವತ್ತು ಪ್ರತಿ ತಂಡದಲ್ಲೂ ಕಾಣುತ್ತದೆ. ಆ ಕಾಲದಲ್ಲಿ ಅದನ್ನು ಇಷ್ಟು ಧೈರ್ಯವಾಗಿ ಮಾಡಿದವರು ತುಂಬಾ ಕಡಿಮೆ.

ಊರು ಕೆನಡಾದ ಸಸ್ಕಾಚೆವಾನ್ ಬಯಲು. ಹುಟ್ಟಿದ್ದು 1902ರ ನವೆಂಬರ್ 25ರಂದು ಫೋರ್ಟ್ ಕಪೆಲ್‌ನಲ್ಲಿ, ಬೆಳೆದದ್ದು ಕ್ಯೂಪರ್ ಎಂಬ ಊರಿನ ಬಳಿಯ ಹೊಲಮನೆಯಲ್ಲಿ. ರೆಜೈನಾದಲ್ಲಿ ಒಂದು ಸೀಸನ್, ಎಡ್ಮಂಟನ್‌ನಲ್ಲಿ ಒಂದು ಸೀಸನ್ ವೃತ್ತಿಪರನಾಗಿ ಆಡಿದ. 1926ರಲ್ಲಿ ಪಶ್ಚಿಮ ಕೆನಡಾದ ಆ ಲೀಗ್ ಮುಚ್ಚಿಹೋಯಿತು. ಅಲ್ಲಿನ ಆಟಗಾರರನ್ನು ಪೂರ್ವದ ತಂಡಗಳು ಕೊಂಡುಕೊಂಡವು. ಶೋರ್ ಬಂದದ್ದು ಬಾಸ್ಟನ್ ಬ್ರೂಯಿನ್ಸ್‌ಗೆ.

ಬ್ರೂಯಿನ್ಸ್ ಆಗಿನ್ನೂ ಎರಡು ವರ್ಷದ ಕೂಸು. 1924ರಲ್ಲಿ ಹುಟ್ಟಿದ, ಎನ್‌ಎಚ್‌ಎಲ್‌ನ ಮೊದಲ ಅಮೆರಿಕನ್ ತಂಡ. ಶೋರ್ ಬಂದ ಮೊದಲ ಸೀಸನ್ನಿನಲ್ಲೇ ತಂಡ ಎನ್‌ಎಚ್‌ಎಲ್‌ನ ಚಾಂಪಿಯನ್ ಟ್ರೋಫಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್‌ಗೆ ಹೋಯಿತು. 1929ರಲ್ಲಿ ಕಪ್ಪನ್ನೇ ಗೆದ್ದಿತು. ಮುಂದಿನ ಸೀಸನ್ನಿನಲ್ಲಿ 44 ಪಂದ್ಯಗಳಲ್ಲಿ 38 ಗೆದ್ದು, ಸೋತದ್ದು ಬರೀ ಐದು. ಗೆಲುವಿನ ಆ ಪ್ರಮಾಣವನ್ನು ಎನ್‌ಎಚ್‌ಎಲ್‌ನಲ್ಲಿ ಇನ್ನೂ ಯಾವ ತಂಡವೂ ದಾಟಿಲ್ಲ. ಹಾಗಂತ ಆ ವರ್ಷ ಕಪ್ ಸಿಗಲಿಲ್ಲ, ಫೈನಲ್‌ನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಎದುರು ಸೋತರು. ಎರಡನೇ ಕಪ್ ಬಂದದ್ದು 1939ರಲ್ಲಿ, ಶೋರ್‌ಗೆ 36 ವರ್ಷವಾಗಿದ್ದಾಗ.

ಅವನ ಸ್ವಭಾವ ಗೊತ್ತಾಗಬೇಕಾದರೆ 1929ರ ಜನವರಿಯ ಪ್ರಯಾಣದ ಕಥೆ ಕೇಳಬೇಕು. ಮಾಂಟ್ರಿಯಲ್ ಮರೂನ್ಸ್ ವಿರುದ್ಧ ಆಡಲು ತಂಡ ಬಾಸ್ಟನ್‌ನಿಂದ ರೈಲಿನಲ್ಲಿ ಹೊರಟಿತು. ದಾರಿಯಲ್ಲಿ ವಾಹನಗಳ ನಡುವೆ ಸಿಕ್ಕಿಹಾಕಿಕೊಂಡ ಶೋರ್‌ಗೆ ರೈಲು ತಪ್ಪಿತು. ಹೊರಗೆ ಹಿಮಗಾಳಿ. ಪರಿಚಯದವರೊಬ್ಬರ ಕಾರು, ಜೊತೆಗೆ ಅವರ ಡ್ರೈವರ್ ಸಿಕ್ಕಿದ. ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಕೈಲಾಗಲ್ಲ ಅಂದ. ಶೋರ್ ತಾನೇ ಸ್ಟಿಯರಿಂಗ್ ಹಿಡಿದ. ಮುಂದಿನ ಗಾಜಿನ ಮೇಲೆ ಹಿಮ ಕಟ್ಟಿ ಏನೂ ಕಾಣದಾಯಿತು. ಗಾಜು ತೆಗೆದು ಹಿಮಗಾಳಿಗೆ ಮುಖ ಒಡ್ಡಿಕೊಂಡೇ ಓಡಿಸಿದ. ಕಾರು ಚರಂಡಿಗೆ ಜಾರಿತು. ಕುದುರೆ ಕಟ್ಟಿ ಎಳೆಸಿ ಮತ್ತೆ ಹೊರಟ. ಸುಮಾರು 500 ಕಿಲೋಮೀಟರ್ ದಾರಿ. ಪಂದ್ಯದ ದಿನ ಸಂಜೆಯ ಹೊತ್ತಿಗೆ ಮಾಂಟ್ರಿಯಲ್ ಮುಟ್ಟಿದಾಗ ಕೈಗಳು ಮರಗಟ್ಟಿದ್ದವು. ಆ ರಾತ್ರಿ ಹೆಚ್ಚುಕಮ್ಮಿ ಪೂರ್ತಿ ಪಂದ್ಯ ಆಡಿದ. ಬ್ರೂಯಿನ್ಸ್ 1-0ಯಿಂದ ಗೆದ್ದಿತು. ಆ ಒಂದು ಗೋಲ್ ಹೊಡೆದದ್ದೂ ಅವನೇ. ತಂಡದ ಮ್ಯಾನೇಜರ್ ಆರ್ಟ್ ರಾಸ್ ಕೊಟ್ಟ ಬಹುಮಾನ ಏನು ಗೊತ್ತಾ? ರೈಲು ತಪ್ಪಿಸಿಕೊಂಡಿದ್ದಕ್ಕೆ ದಂಡ.

ಹೇಳುತ್ತಾ ಹೇಳುತ್ತಾ ಕಥೆಗೆ ಒಂದಿಷ್ಟು ಬಣ್ಣ ಸೇರಿರಬಹುದು. ಸಹ ಆಟಗಾರನ ಜೊತೆ ಡಿಕ್ಕಿಯಾಗಿ ಕಿವಿ ಹರಿದು ಜೋತಾಡುತ್ತಿದ್ದಾಗ, ಅರಿವಳಿಕೆ ಬೇಡ ಅಂದು, ಕನ್ನಡಿ ಹಿಡಿದು ನೋಡುತ್ತಲೇ ಹೊಲಿಗೆ ಹಾಕಿಸಿಕೊಂಡ ಅನ್ನುವುದೂ ಅಂಥದ್ದೇ ಕಥೆ. ಆದರೆ ಇಂಥ ಕಥೆಗಳು ಎಲ್ಲರ ಸುತ್ತ ಹುಟ್ಟುವುದಿಲ್ಲ, ಅಲ್ವಾ?

ಈಗ ವಿರೋಧಿಗಳು ಎತ್ತುವ ದೊಡ್ಡ ಆರೋಪಕ್ಕೆ ಬರೋಣ. 1933ರ ಡಿಸೆಂಬರ್ 12. ಬಾಸ್ಟನ್ ಗಾರ್ಡನ್‌ನಲ್ಲಿ ಟೊರೊಂಟೊ ಮೇಪಲ್ ಲೀಫ್ಸ್ ವಿರುದ್ಧ ಪಂದ್ಯ. ಪಕ್ ಹಿಡಿದು ನುಗ್ಗಿದ ಶೋರ್‌ನನ್ನು ಟೊರೊಂಟೊದವರು ಕೆಡವಿದರು. ಎದ್ದ ಶೋರ್, ತನಗೆ ಬೆನ್ನು ತಿರುಗಿಸಿ ನಿಂತಿದ್ದ ಟೊರೊಂಟೊ ಆಟಗಾರ ಏಸ್ ಬೇಯ್ಲಿಗೆ ಹಿಂದಿನಿಂದ ಗುದ್ದಿದ. ಕೆಡವಿದವನು ಬೇಯ್ಲಿ ಅಲ್ಲ. ತಪ್ಪಾಗಿ ತಿಳಿದು ಗುದ್ದಿದ ಅಂತ ಹೇಳುವವರೂ ಇದ್ದಾರೆ. ಬೇಯ್ಲಿ ಹಿಮ್ಮುಖವಾಗಿ ಬಿದ್ದ, ತಲೆ ಮಂಜಿಗೆ ಬಡಿದು ಬುರುಡೆ ಒಡೆಯಿತು. ಕೋಪದಲ್ಲಿ ಟೊರೊಂಟೊದ ರೆಡ್ ಹಾರ್ನರ್ ಒಂದು ಗುದ್ದು ಕೊಟ್ಟಾಗ ಶೋರ್ ಕೂಡ ಬಿದ್ದು ತಲೆ ಒಡೆದುಕೊಂಡ. ಬೇಯ್ಲಿಯ ಮಿದುಳಿಗೆ ಎರಡು ಆಪರೇಷನ್ ಆಯಿತು. ಸಾವಿನ ಬಾಗಿಲಿಗೆ ಹೋಗಿ ಬಂದ. ಮತ್ತೆ ಆಡಲಿಲ್ಲ.

ಇದನ್ನು ಯಾರೂ ಮುಚ್ಚಿಡಬೇಕಿಲ್ಲ. ಶೋರ್‌ಗೆ 16 ಪಂದ್ಯಗಳ ಅಮಾನತು ಆಯಿತು. 48 ಪಂದ್ಯಗಳ ಸೀಸನ್ನಿನಲ್ಲಿ ಅದು ಮೂರನೇ ಒಂದು ಭಾಗ. 1934ರ ಫೆಬ್ರವರಿ 14ರಂದು ಬೇಯ್ಲಿಗಾಗಿ ಟೊರೊಂಟೊದಲ್ಲಿ ಸಹಾಯಾರ್ಥ ಪಂದ್ಯ ನಡೆಯಿತು. ಲೀಗ್‌ನ ಬೇರೆ ತಂಡಗಳಿಂದ ಆರಿಸಿದ ಆಟಗಾರರು ಟೊರೊಂಟೊ ವಿರುದ್ಧ ಆಡಿದರು. ಆ ಆಯ್ದ ತಂಡದಲ್ಲಿ ಶೋರ್ ಕೂಡ ಇದ್ದ. ಟೊರೊಂಟೊದ ಜನರ ಮುಂದೆ, ಅಂಕಣದ ನಡುವೆ ಬೇಯ್ಲಿ ಕೈ ಚಾಚಿದ. ಇಬ್ಬರೂ ಕೈ ಕುಲುಕಿದರು. ನೋವುಂಡವನೇ ಕ್ಷಮಿಸಿದ ಮೇಲೆ, ತೊಂಬತ್ತು ವರ್ಷ ಕಳೆದು ನಾವು ಯಾವ ಅಧಿಕಾರದಲ್ಲಿ ತೀರ್ಪು ಕೊಡುವುದು? ಆ ಕಾಲದ ಆಟವೇ ಹಾಗಿತ್ತು. ಹೆಲ್ಮೆಟ್ ಯಾರೂ ಹಾಕುತ್ತಿರಲಿಲ್ಲ. ಗುದ್ದಾಟ ಟಿಕೆಟ್ ಮಾರುತ್ತಿತ್ತು. ಆ ಘಟನೆಯ ನಂತರ ಹೆಲ್ಮೆಟ್ ಹಾಕಿಕೊಂಡು ಆಡಲು ಶುರುಮಾಡಿದ ಕೆಲವೇ ಜನರಲ್ಲಿ ಶೋರ್ ಒಬ್ಬ. ಅವನು ಎಷ್ಟು ಏಟು ಕೊಟ್ಟನೋ ಅಷ್ಟನ್ನು ತಾನೂ ತಿಂದವನು. ಮೂಗು, ದವಡೆ, ಹಲ್ಲು ಯಾವುದೂ ನೆಟ್ಟಗೆ ಉಳಿದಿರಲಿಲ್ಲ.

ಇನ್ನು ಎಎಚ್‌ಎಲ್ ವಿಷಯ. 1939ರಲ್ಲಿ 42,000 ಡಾಲರ್ ಕೊಟ್ಟು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಇಂಡಿಯನ್ಸ್ ತಂಡವನ್ನು ಕೊಂಡ. ಎನ್‌ಎಚ್‌ಎಲ್‌ನ ದೊಡ್ಡ ತಂಡಗಳ ಹಣದ ಬಲ ಇಲ್ಲದೆ ಅದನ್ನು ದಶಕಗಳ ಕಾಲ ನಡೆಸಿದ. ಕಾರ್ ಪಾರ್ಕಿಂಗ್ ಕೂಡ ತಾನೇ ನೋಡಿಕೊಳ್ಳುತ್ತಿದ್ದ ಅನ್ನುತ್ತಾರೆ. 1960, 1961, 1962, ಸತತ ಮೂರು ವರ್ಷ ಎಎಚ್‌ಎಲ್‌ನ ಚಾಂಪಿಯನ್ ಟ್ರೋಫಿ ಕ್ಯಾಲ್ಡರ್ ಕಪ್ ಗೆದ್ದ. ಅವನ ಕೈಯಲ್ಲಿ ಪಳಗಿದ ಬಾಬ್ ಮೆಕಾರ್ಡ್ ಮತ್ತು ಕೆಂಟ್ ಡಗ್ಲಸ್ ಒಬ್ಬರ ಹಿಂದೆ ಒಬ್ಬರು ಶೋರ್ ಪ್ರಶಸ್ತಿಯನ್ನೇ ಗೆದ್ದರು. ಡಗ್ಲಸ್ ಎನ್‌ಎಚ್‌ಎಲ್‌ಗೆ ಹೋಗಿ 1963ರಲ್ಲಿ ವರ್ಷದ ಹೊಸ ಆಟಗಾರನೆನಿಸಿದ. ಡಿಫೆನ್ಸ್ ಆಟಗಾರನೊಬ್ಬ ಆ ಗೌರವ ಪಡೆದದ್ದು ಅದೇ ಮೊದಲು. ಮಂಡಿ ಬಾಗಿಸು, ಕಾಲು ಅಗಲಿಸು, ಸ್ಟಿಕ್ ಮೇಲೆ ಎರಡೂ ಕೈ ದೂರ ಇಡು. ಶೋರ್ ಕಲಿಸಿದ್ದು ಇಂಥ ಮೂಲಪಾಠಗಳನ್ನು. ದಿನವೂ, ಬೇಸರ ಬರುವಷ್ಟು.

ಇನ್ನೊಂದು ಮಾತು. ಎನ್‌ಎಚ್‌ಎಲ್‌ನಲ್ಲಿ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಅಂತ ಪ್ರಶಸ್ತಿ ಶುರುವಾದದ್ದೇ 1954ರಲ್ಲಿ. ಶೋರ್ ಆಡುವಾಗ ಅದು ಇರಲಿಲ್ಲ. ಇದ್ದಿದ್ದರೆ ಎಷ್ಟು ಗೆಲ್ಲುತ್ತಿದ್ದನೋ. ಆ ಪ್ರಶಸ್ತಿಗೆ ಇಟ್ಟ ಹೆಸರು ಜೇಮ್ಸ್ ನಾರಿಸ್, ಡೆಟ್ರಾಯ್ಟ್ ತಂಡದ ಮಾಲೀಕ. ಡಿಫೆನ್ಸ್ ಆಟದ ದೊಡ್ಡ ಪ್ರಶಸ್ತಿಗೆ ಶ್ರೀಮಂತನೊಬ್ಬನ ಹೆಸರು! ಎಎಚ್‌ಎಲ್ ಕೊನೇಪಕ್ಷ ನಿಜವಾದ ಡಿಫೆನ್ಸ್ ಆಟಗಾರನ ಹೆಸರು ಇಟ್ಟಿದೆ. ಅದನ್ನೂ ಅಳಿಸಿಬಿಟ್ಟರೆ ಈ ಆಟವನ್ನು ಕಟ್ಟಿದವರ ಹೆಸರು ಉಳಿಯುವುದಾದರೂ ಎಲ್ಲಿ?

ವಿರೋಧ: ಅದೇ ಲೀಗ್‌ನ ಹುಡುಗರ ಕೈಗೆ ಆ ಹೆಸರು ಬೇಡ

ಏಸ್ ಬೇಯ್ಲಿ ವಿಷಯ ನಾನು ಎತ್ತುವುದಿಲ್ಲ. ಬೇಯ್ಲಿ ಬದುಕಿದ, ಟೊರೊಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಹತ್ತಾರು ವರ್ಷ ಸಮಯ ನೋಡಿಕೊಳ್ಳುವ ಕೆಲಸ ಮಾಡಿದ, 1992ರಲ್ಲಿ ತೀರಿಕೊಂಡ. ಅವನು ಹಾಕುತ್ತಿದ್ದ 6ನೇ ನಂಬರನ್ನು ಟೊರೊಂಟೊ ಬೇರೆಯವರಿಗೆ ಕೊಡದೆ ಎತ್ತಿಟ್ಟಿತು. ಎನ್‌ಎಚ್‌ಎಲ್‌ನಲ್ಲಿ ಹಾಗೆ ಎತ್ತಿಟ್ಟ ಮೊದಲ ನಂಬರ್ ಅದು. ಆ ರಾತ್ರಿ ನಡೆದದ್ದು ಸಿಟ್ಟಿನಲ್ಲಿ, ಒಂದು ಗಳಿಗೆಯಲ್ಲಿ. ಶಿಕ್ಷೆಯೂ ಆಯಿತು. ಮನುಷ್ಯನನ್ನು ಅವನ ಒಂದು ಕೆಟ್ಟ ಗಳಿಗೆಯಿಂದ ಅಳೆಯಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಬಾಸ್ಟನ್‌ನ ಶೋರ್ ಬಗ್ಗೆಯೂ ನನ್ನ ತಕರಾರಿಲ್ಲ. 1947ರಲ್ಲಿ ಅವನನ್ನು ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು ಸರಿ. ಬ್ರೂಯಿನ್ಸ್ ಅವನ 2ನೇ ನಂಬರನ್ನು ಎತ್ತಿಟ್ಟದ್ದೂ ಸರಿ. ಅವು ಆಟಗಾರನಿಗೆ ಸಂದ ಗೌರವಗಳು, ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಈ ಪ್ರಶಸ್ತಿ ಇರುವುದು ಎಎಚ್‌ಎಲ್‌ನದು. ಎಎಚ್‌ಎಲ್‌ನವರು ಶೋರ್‌ನನ್ನು ಹೆಚ್ಚಾಗಿ ಕಂಡದ್ದು ಆಟಗಾರನಾಗಿ ಅಲ್ಲ, ಮಾಲೀಕನಾಗಿ. ಪರ ವಾದದಲ್ಲಿ ಆ ಭಾಗ ಒಂದೇ ಪ್ಯಾರಾದಲ್ಲಿ ಮುಗಿದುಹೋಗಿದೆ. ಮೂರು ಕಪ್, ಇಬ್ಬರು ಒಳ್ಳೆಯ ಶಿಷ್ಯರು, ಕಾರ್ ಪಾರ್ಕಿಂಗ್. ಮಿಕ್ಕದ್ದನ್ನು ನಾನು ಹೇಳುತ್ತೇನೆ.

ಆಗಿನ ವ್ಯವಸ್ಥೆ ಮೊದಲು ತಿಳಿಯಲಿ. 1967ರವರೆಗೆ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದು ಬರೀ ಆರು ತಂಡ. ಅಂದರೆ ಇಡೀ ಜಗತ್ತಿನಲ್ಲಿ ಆ ಮಟ್ಟದ ಕೆಲಸ ನೂರಿಪ್ಪತ್ತು ಚಿಲ್ಲರೆ ಜನಕ್ಕೆ. ಉಳಿದವರೆಲ್ಲ ಎಎಚ್‌ಎಲ್‌ನಂಥ ಕಡೆ ಕಾಯಬೇಕು. ಒಮ್ಮೆ ಕರಾರಿಗೆ ಸಹಿ ಹಾಕಿದರೆ ಆಟಗಾರ ತಂಡದ ಸೊತ್ತು. ಬೇರೆ ತಂಡಕ್ಕೆ ಹೋಗುತ್ತೇನೆ ಅನ್ನುವ ಹಾಗಿಲ್ಲ. ಬೇರೆ ಎಎಚ್‌ಎಲ್ ತಂಡಗಳಲ್ಲಿ ಈ ಹಿಡಿತ ಮೇಲಿನ ಎನ್‌ಎಚ್‌ಎಲ್ ತಂಡಗಳ ಕೈಯಲ್ಲಿತ್ತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬಹುಪಾಲು ಆಟಗಾರರ ಕರಾರು ಒಬ್ಬನೇ ಮನುಷ್ಯನ ಕೈಯಲ್ಲಿ ಇತ್ತು. ಅವನು ಮನಸ್ಸು ಮಾಡಿದರೆ ಮೇಲೆ ಕಳಿಸಬಹುದು, ಇಲ್ಲದಿದ್ದರೆ ವರ್ಷಗಟ್ಟಲೆ ಅಲ್ಲೇ ಕೊಳೆಸಬಹುದು. ಬೇರೆ ತಂಡಗಳ ಮ್ಯಾನೇಜರ್‌ಗಳು ಮಾತು ಕೇಳದ ಆಟಗಾರನಿಗೆ ‘ಸ್ಪ್ರಿಂಗ್‌ಫೀಲ್ಡ್‌ಗೆ ಕಳಿಸಿಬಿಡ್ತೀನಿ’ ಅಂತ ಹೆದರಿಸುತ್ತಿದ್ದರಂತೆ.

ಅಲ್ಲಿ ಏನಾಗುತ್ತಿತ್ತು? ಗೋಲ್‌ಕೀಪರ್ ಪದೇ ಪದೇ ಮಂಜಿನ ಮೇಲೆ ಬೀಳುತ್ತಾನೆ ಅಂತ ಅಭ್ಯಾಸದಲ್ಲಿ ಅವನ ಕೊರಳಿಗೆ ಹಗ್ಗ ಹಾಕಿ ಗೋಲ್‌ನ ಮೇಲಿನ ಕಂಬಿಗೆ ಕಟ್ಟಿದ. ಆಟಗಾರರ ಕೈಗಳನ್ನು ಸ್ಟಿಕ್ಕಿಗೆ ಟೇಪ್ ಸುತ್ತಿ ಬಿಗಿಸಿದ. ಸಮತೋಲನ ಬರಲಿ ಅಂತ ಹೋಟೆಲ್ ಲಾಬಿಯಲ್ಲಿ ಟ್ಯಾಪ್ ಡಾನ್ಸ್ ಮಾಡಿಸಿದ. ಹೆಂಡತಿಯರನ್ನು ಕರೆಸಿ, ತಂಡ ಗೆಲ್ಲಬೇಕಾದರೆ ಗಂಡಂದಿರಿಂದ ದೂರ ಇರಿ ಅಂತ ಉಪದೇಶ ಮಾಡಿದ. ಇವನ್ನೆಲ್ಲ ಈಗ ತಮಾಷೆಯ ಕಥೆಯಾಗಿ ಹೇಳುತ್ತಾರೆ. ಅಲ್ಲಿ ಆಡಿದ್ದ ಡಾನ್ ಚೆರಿ ಮುಂದೆ ಬಾಸ್ಟನ್ ಕೋಚ್ ಆಗಿ, ಟಿವಿಯಲ್ಲಿ ಹೆಸರು ಮಾಡಿದ ಮೇಲೆ ಇಂಥ ಕಥೆ ಹೇಳಿ ಎಷ್ಟೋ ಜನರನ್ನು ನಗಿಸಿದ. ಹಗ್ಗ ಕೊರಳಲ್ಲಿ ಇದ್ದವನಿಗೆ ಆವತ್ತು ನಗು ಬಂದಿರಲಿಕ್ಕಿಲ್ಲ.

ನನಗೆ ಇವೆಲ್ಲಕ್ಕಿಂತ ಕೆಟ್ಟದ್ದೆನಿಸುವುದು ‘ಬ್ಲ್ಯಾಕ್ ಏಸಸ್’ ಪದ್ಧತಿ. ಗಾಯಗೊಂಡವರು, ಶೋರ್‌ಗೆ ಇಷ್ಟವಿಲ್ಲದವರು, ಆಟದಿಂದ ಹೊರಗಿಟ್ಟವರು ಈ ಗುಂಪಿಗೆ ಬೀಳುತ್ತಿದ್ದರು. ಅವರು ಬೇರೆಯಾಗಿ ಅಭ್ಯಾಸ ಮಾಡಬೇಕು. ಅದರ ಜೊತೆಗೆ ಕ್ರೀಡಾಂಗಣದ ಬಲ್ಬ್ ಬದಲಿಸಬೇಕು, ಪಾಪ್‌ಕಾರ್ನ್ ಹುರಿಯಬೇಕು, ಬಲೂನ್ ಊದಬೇಕು. ವೃತ್ತಿಪರ ಆಟಗಾರನಾಗಿ ಸಹಿ ಹಾಕಿದವನಿಗೆ ಈ ಕೆಲಸ. ಎದುರು ಮಾತಾಡಿದರೆ ದಂಡ, ಇಲ್ಲವೇ ಅಮಾನತು. ಅಮಾನತಾದರೆ ಸಂಬಳವಿಲ್ಲ. ಇದು ಒಂದು ಗಳಿಗೆಯ ಸಿಟ್ಟಲ್ಲ. ವರ್ಷಾನುಗಟ್ಟಲೆ, ಯೋಚಿಸಿ, ತಣ್ಣಗೆ ಮಾಡಿದ್ದು. ಬೇಯ್ಲಿಯ ಘಟನೆಯನ್ನು ಪಕ್ಕಕ್ಕಿಡುತ್ತೇನೆ ಅಂದದ್ದು ಇದಕ್ಕೇ.

ಶೋರ್‌ಗೆ ಇದರ ನೋವು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹಿಮಗಾಳಿಯಲ್ಲಿ ಕಾರು ಓಡಿಸಿ ಬಂದು ಪಂದ್ಯ ಗೆಲ್ಲಿಸಿದವನಿಗೆ ದಂಡ ಬಿದ್ದ ಕಥೆ ಪರ ವಾದದಲ್ಲೇ ಇದೆ. ಬಾಸ್ಟನ್‌ನಲ್ಲಿ ಸಂಬಳ ಸಾಲದು ಅಂತ ಸಹಿ ಹಾಕದೆ ಹಠ ಹಿಡಿದವನೂ ಅವನೇ. ಮಾಲೀಕರ ಎದುರು ಒಬ್ಬ ಆಟಗಾರ ಎಷ್ಟು ಸಣ್ಣವನು ಅಂತ ಕಂಡು ಉಂಡವನು. ಕುರ್ಚಿ ಬದಲಾದ ಮೇಲೆ ಅದೇ ಚಾಟಿಯನ್ನು ಇನ್ನಷ್ಟು ಉದ್ದ ಮಾಡಿಕೊಂಡ.

1966ರ ಡಿಸೆಂಬರ್‌ನಲ್ಲಿ ತಾಳ್ಮೆ ಕಟ್ಟೆ ಒಡೆಯಿತು. ಬಿಲ್ ವೈಟ್ ಸೇರಿದಂತೆ ಮೂವರು ಡಿಫೆನ್ಸ್ ಆಟಗಾರರನ್ನು, ಮನಸ್ಸಿಟ್ಟು ಆಡಲಿಲ್ಲ ಅನ್ನುವ ಕಾರಣ ಕೊಟ್ಟು ಶೋರ್ ಅಮಾನತು ಮಾಡಿದ. ಉಳಿದವರು ನಾವೂ ಆಡುವುದಿಲ್ಲ ಅಂದರು. ಬ್ರಯನ್ ಕಿಲ್ರಿ ಮುಂದೆ ನಿಂತು ಮಾತಾಡಿದವರಲ್ಲಿ ಒಬ್ಬ. ಆಗಿನ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಹತ್ತು ವರ್ಷದ ಹಿಂದೆ, 1957ರಲ್ಲಿ, ಡೆಟ್ರಾಯ್ಟ್‌ನ ದೊಡ್ಡ ಆಟಗಾರ ಟೆಡ್ ಲಿಂಡ್ಸೆ ಆಟಗಾರರ ಸಂಘ ಕಟ್ಟಲು ಹೋದಾಗ ಮಾಲೀಕರು ಅವನನ್ನು ತಂಡದಿಂದಲೇ ಎತ್ತಿಹಾಕಿ, ಸಂಘವನ್ನು ಮುರಿದಿದ್ದರು. ಲಿಂಡ್ಸೆಯಂಥವನಿಗೆ ಆ ಗತಿಯಾದರೆ, ಕೆಳಗಿನ ಲೀಗ್‌ನಲ್ಲಿ ಯಾರಿಗೂ ಹೆಸರೇ ಗೊತ್ತಿಲ್ಲದ ಇವರ ಪಾಡೇನು? ಕೆಲಸ ಹೋದರೆ ಹೋಗಲಿ ಅಂತಲೇ ನಿಂತರು.

ಟೊರೊಂಟೊದ ಯುವ ವಕೀಲ ಅಲನ್ ಈಗಲ್‌ಸನ್ ಅವರ ಪರ ಮಾತಾಡಲು ಬಂದ. ಕೊನೆಗೆ ಶೋರ್ ತಂಡದ ದಿನನಿತ್ಯದ ಆಡಳಿತದಿಂದ ಹಿಂದೆ ಸರಿಯಬೇಕಾಯಿತು. ಮುಂದಿನ ವರ್ಷ, 1967ರ ಜೂನ್‌ನಲ್ಲಿ, ಎನ್‌ಎಚ್‌ಎಲ್ ಆಟಗಾರರ ಸಂಘ ಹುಟ್ಟಿತು. ಈಗಲ್‌ಸನ್ ಅದನ್ನು ನಡೆಸಿದ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಗೆದ್ದದ್ದು ಅವನಿಗೆ ಆ ಹೆಸರು ತಂದುಕೊಟ್ಟಿತ್ತು. (ಇದೇ ಈಗಲ್‌ಸನ್ ಮುಂದೆ ಆಟಗಾರರ ದುಡ್ಡಿಗೇ ಕೈ ಹಾಕಿ 1998ರಲ್ಲಿ ಜೈಲು ಸೇರಿದ. ಪಾಪ, ಆಟಗಾರರ ಹಣೆಬರಹ!) ಇವತ್ತು ಎನ್‌ಎಚ್‌ಎಲ್ ಆಟಗಾರರಿಗೆ ಇರುವ ಸಂಘದ ಬಲಕ್ಕೆ ಒಂದು ಬೇರು ಸ್ಪ್ರಿಂಗ್‌ಫೀಲ್ಡ್‌ನ ಆ ಡ್ರೆಸ್ಸಿಂಗ್ ರೂಮಿನಲ್ಲಿದೆ. ಶೋರ್ ಅದಕ್ಕೆ ಕಾರಣ ಅನ್ನುವುದಾದರೆ, ಬರಗಾಲ ಬಾವಿ ತೋಡಿಸಿತು ಅಂದ ಹಾಗೆ.

ಅವನು ಡಿಫೆನ್ಸ್ ಕಲಿಸಿದ ಗುರು ಅನ್ನುವ ವಾದಕ್ಕೆ ಸ್ವಲ್ಪ ಸತ್ವ ಇದೆ, ಒಪ್ಪೋಣ. ಡಗ್ಲಸ್ ಕಲಿತ, ಮೆಕಾರ್ಡ್ ಕಲಿತ. ಆದರೆ ಗೆದ್ದವರ ಹೆಸರನ್ನಷ್ಟೇ ಎಣಿಸಿದರೆ ಗುರುವಿನ ಲೆಕ್ಕ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಶೋರ್‌ನ ಹಿಡಿತದಿಂದ ಹೊರಬಂದ ಮೇಲೆ ಏನಾಯಿತು ನೋಡಿ. 1967ರಲ್ಲಿ ಎನ್‌ಎಚ್‌ಎಲ್ ಆರರಿಂದ ಹನ್ನೆರಡು ತಂಡಕ್ಕೆ ಬೆಳೆಯಿತು. ಹೊಸದಾಗಿ ಬಂದ ಲಾಸ್ ಏಂಜಲೀಸ್ ಕಿಂಗ್ಸ್ ಸ್ಪ್ರಿಂಗ್‌ಫೀಲ್ಡ್ ತಂಡವನ್ನು ತನ್ನ ಕೈಗೆ ತೆಗೆದುಕೊಂಡಿತು. ಮುಷ್ಕರದಲ್ಲಿ ಮಾತಾಡಿದ ಕಿಲ್ರಿ, ಕಿಂಗ್ಸ್ ಇತಿಹಾಸದ ಮೊದಲ ಗೋಲ್ ಹೊಡೆದ. ಆಮೇಲೆ ಆಟವಾ 67ಸ್ ಎಂಬ ಜೂನಿಯರ್ ತಂಡದ ಕೋಚ್ ಆಗಿ ಸಾವಿರಕ್ಕೂ ಹೆಚ್ಚು ಪಂದ್ಯ ಗೆದ್ದ. ಅವನಿಗೂ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿದೆ. ಮನಸ್ಸಿಟ್ಟು ಆಡಲಿಲ್ಲ ಅನ್ನಿಸಿಕೊಂಡ ಬಿಲ್ ವೈಟ್ ಕಿಂಗ್ಸ್‌ನಲ್ಲಿ ಆಡಿ, ಅಲ್ಲಿಂದ ಷಿಕಾಗೊಗೆ ಹೋದ. 1972ರಿಂದ 1974ರವರೆಗೆ ಮೂರು ವರ್ಷ ಲೀಗ್‌ನ ಎರಡನೇ ಆಲ್‌ಸ್ಟಾರ್ ತಂಡದಲ್ಲಿ, ಅಂದರೆ ವರ್ಷದ ಅತ್ಯುತ್ತಮರ ಎರಡನೇ ಪಟ್ಟಿಯಲ್ಲಿ ಇದ್ದ. 1972ರಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧದ ಆ ಹೆಸರಾಂತ ಸರಣಿಯಲ್ಲಿ ಕೆನಡಾ ಪರ ಆಡಿದ. ಇವರೆಲ್ಲ ಆಗ ಇಪ್ಪತ್ತೇಳು, ಮೂವತ್ತು ದಾಟಿದವರು. ಆಟದ ಒಳ್ಳೆಯ ವರ್ಷಗಳು ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಸವೆದಿದ್ದವು. ಎನ್‌ಎಚ್‌ಎಲ್‌ನಲ್ಲಿ ಜಾಗ ಕಡಿಮೆ ಇದ್ದದ್ದೂ ಅದಕ್ಕೆ ಕಾರಣ, ಶೋರ್ ಒಬ್ಬನೇ ಅಲ್ಲ. ಆದರೆ ಅವರನ್ನು ಬಿಟ್ಟುಕೊಡದೆ ಹಿಡಿದಿಟ್ಟವನು ಅವನೇ.

ಪ್ರಶಸ್ತಿಗೆ ಈ ಹೆಸರು ಇಟ್ಟ ಸಮಯವನ್ನೂ ಗಮನಿಸಿ. 1958-59. ಆಗ ಶೋರ್ ಇದೇ ಲೀಗ್‌ನಲ್ಲಿ ತಂಡ ನಡೆಸುತ್ತಿದ್ದ. ಲೀಗ್ ಅಂದರೆ ಮಾಲೀಕರ ಕೂಟ. ಆ ಕೂಟ ತನ್ನ ಪಕ್ಕದ ಕುರ್ಚಿಯಲ್ಲಿ ಕೂತವನ ಹೆಸರನ್ನೇ ಪ್ರಶಸ್ತಿಗೆ ಇಟ್ಟಿತು. ಅದೇ ವರ್ಷಗಳಲ್ಲಿ ಬ್ಲ್ಯಾಕ್ ಏಸಸ್ ಬಲ್ಬ್ ಬದಲಿಸುತ್ತಿದ್ದರು. ನಾರಿಸ್ ಎಂಬ ಶ್ರೀಮಂತನ ಹೆಸರು ಇಟ್ಟಿದ್ದಕ್ಕೆ ಪರ ವಾದದವರಿಗೆ ಸಿಟ್ಟು ಬರುತ್ತದೆ. ಸರಿ, ಆದರೆ ಶೋರ್ ಹೆಸರು ಇಟ್ಟಾಗ ಅವನೂ ಮಾಲೀಕನೇ ಆಗಿದ್ದ ಅನ್ನುವುದು ಅವರಿಗೆ ಯಾಕೆ ಕಾಣುವುದಿಲ್ಲ?

ಕಾಲವೇ ಹಾಗಿತ್ತು ಅಂತ ಒಂದು ಉತ್ತರ ಯಾವಾಗಲೂ ಬರುತ್ತದೆ. ಬೇಯ್ಲಿ ವಿಷಯದಲ್ಲಿ ಅದು ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಅದೇ ಕಾಲದ, ಅದೇ ಕೆಲಸದ ಜನರೇ ಇದನ್ನು ತಪ್ಪು ಅಂದರು. ಮಂಜಿನ ಮೇಲೆ ಇಳಿಯದೆ ಕೂತು ಅಂದರು. ಅವರ ಮಾತನ್ನು ನಾವು ಇವತ್ತಿನ ಕನ್ನಡಕ ಹಾಕಿಕೊಂಡು ಸೃಷ್ಟಿಸಿದ್ದಲ್ಲ.

ಹೆಸರು ಬದಲಿಸುವುದಾದರೆ ಯಾರದು ಇಡಬೇಕು ಅಂತ ಕೇಳಬಹುದು. ನನ್ನ ಆಯ್ಕೆ ಬಿಲ್ ವೈಟ್. ಡಿಫೆನ್ಸ್ ಆಟಗಾರ. ಎಎಚ್‌ಎಲ್‌ನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಮೇಲೆ ಹೋದವನು. ಆ ಪ್ರಶಸ್ತಿ ಪಡೆಯುವ ಹುಡುಗರೆಲ್ಲ ಇರುವುದು ಅದೇ ದಾರಿಯಲ್ಲಿ. ಷಿಕಾಗೊಗೆ ಹೋಗುವ ಮೊದಲು ಅವನ ಸಂಬಳ ನಿಲ್ಲಿಸಿದ್ದವನ ಹೆಸರು ಈಗ ಆ ಟ್ರೋಫಿಯ ಮೇಲಿದೆ. ಎಎಚ್‌ಎಲ್‌ಗೆ ಇದನ್ನು ಬದಲಿಸಲು ಬೇಕಾದದ್ದು ಒಂದು ಸಭೆ, ಒಂದು ನಿರ್ಣಯ, ಅಷ್ಟೇ.